ಸೆಂಟು ಹೊಡೆದರೂ ಹೋಗದ ವಾಸನೆ

ಕಾರಿನ ಎಸಿ ನಾರುತ್ತದೆ ಎಂದು ಯಾರೇ ಹೇಳಲಿ, ನಾನು ಮೊದಲು ಕೇಳುವುದು ಒಂದೇ ಮಾತು: ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಾ? ಕೇಳಿದವರು ನನ್ನ ಮುಖ ನೋಡುತ್ತಾರೆ. ವಾಸನೆ ಬರುತ್ತಿರುವುದು ಮೂಗಿನ ಮುಂದೆ, ಈಯಮ್ಮ ವಿಚಾರಿಸುತ್ತಿರುವುದು ಚಕ್ರದ ಕೆಳಗಿನದ್ದು ಅಂತ. ಆದರೆ ವಿಶಾಖಪಟ್ಟಣದಂಥ ಕಡಲೂರಿನಲ್ಲಿ ಎಸಿಯ ಸಮಾಚಾರವೆಲ್ಲ ನೀರಿನ ಸಮಾಚಾರವೇ. ತಂಪಿನ ಮಾತು ಆಮೇಲೆ.

ನಮ್ಮ ಮನೆ ಇರುವುದು ಎಂವಿಪಿ ಕಾಲೊನಿಯಲ್ಲಿ. ನೌಕರಿಯ ಕಾಲದಲ್ಲಿ ಬ್ಯಾಂಕಿನ ವರ್ಗಾವಣೆ ನನ್ನನ್ನು ವಿಜಯವಾಡಕ್ಕೂ ವಿಶಾಖಕ್ಕೂ ಓಡಾಡಿಸಿತು. ನಿವೃತ್ತಿಯಾದ ಮೇಲೆ ಕಡಲು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಪಕ್ಕದ ಮನೆಗೆ ಈ ವರ್ಷ ಬಂದವನು ಮಡಕಶಿರದ ಕಡೆಯ ಹುಡುಗ. ಮನೆಮಾತು ಕನ್ನಡ, ಓದಿದ್ದು ತೆಲುಗಿನಲ್ಲಿ, ಇಲ್ಲಿಯವರೆಗೆ ಕೆಲಸ ವಿಜಯವಾಡದಲ್ಲಿ, ಅವನ ಬಾಯಲ್ಲಿ ಅದು ಬೆಜವಾಡ. ಹೆಂಡತಿ, ಮೂರು ವರ್ಷದ ಮಗಳು, ಅಲ್ಲೇ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ಕಾಂಪೌಂಡ್ ಗೋಡೆ ಎದೆಮಟ್ಟಕ್ಕೆ ಇರುವುದರಿಂದ ಬೆಳಗಿನ ಗಿಡಕ್ಕೆ ನೀರು ಹಾಕುವ ಹೊತ್ತು ನಮ್ಮ ಮಾತಿನ ಹೊತ್ತೂ ಹೌದು.

“ಅಕ್ಕಾ, ಬೆಜವಾಡದಲ್ಲಿ ಇದ್ದಾಗ ಏನೂ ಇರ್ಲಿಲ್ಲ. ಇಲ್ಲಿಗೆ ಬಂದ್ಮೇಲೆ ಎಸಿ ಹಾಕಿದ್ರೆ ಸಾಕು, ಮುಗ್ಗಲು ವಾಸನೆ. ಗ್ಯಾಸ್ ತುಂಬಿಸ್ದೆ. ಸೆಂಟಿನ ಡಬ್ಬಿ ಇಟ್ಟೆ. ನಮ್ಮೋಳು ಕರ್ಪೂರ ಕಟ್ಟಿದ್ಲು. ಈಗ ಎಲ್ಲಾ ಸೇರ್ಕೊಂಡು ಮಗೂಗೆ ವಾಂತಿ ಬರ್ತೈತೆ.”

“ನೀರು ತೊಟ್ಟಿಕ್ಕುತ್ತಾ ಹೇಳಪ್ಪಾ ಮೊದಲು.”

ಅವನು ನೋಡಿರಲಿಲ್ಲ. ಹೆಚ್ಚಿನವರು ನೋಡಿರುವುದಿಲ್ಲ. ನೋಡಿದ ಕೆಲವರು ಕಾರು ಸೋರುತ್ತಿದೆ ಎಂದು ಹೆದರಿ ಗ್ಯಾರೇಜಿಗೆ ಓಡುತ್ತಾರೆ. ಆ ನೀರು ಬೀಳುವುದು ಒಳ್ಳೆಯದು. ಬೀಳದಿದ್ದಾಗಲೇ ಹೆದರಬೇಕು.

ತಣ್ಣೀರು ತುಂಬಿದ ಸ್ಟೀಲ್ ಲೋಟವನ್ನು ಇಲ್ಲಿ ಟೇಬಲಿನ ಮೇಲೆ ಇಟ್ಟರೆ ನೋಡನೋಡುತ್ತಿದ್ದಂತೆ ಹೊರಮೈಯೆಲ್ಲ ಬೆವರಿ ಕೆಳಗೆ ನೀರಿನ ಬಳೆ ಮೂಡುತ್ತದಲ್ಲ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿನಲ್ಲಿ ನಡೆಯುವುದೂ ಅದೇ. ಅಲ್ಯೂಮಿನಿಯಮ್ಮಿನ ತೆಳು ರೆಕ್ಕೆಗಳನ್ನು ಒತ್ತೊತ್ತಾಗಿ ಜೋಡಿಸಿದ ಆ ಕಾಯಿಲು ಸೊನ್ನೆ ಡಿಗ್ರಿಗಿಂತ ಸ್ವಲ್ಪವೇ ಮೇಲಿರುತ್ತದೆ. ಬ್ಲೋವರ್ ತಳ್ಳುವ ಗಾಳಿ ಅದರ ಸಂದಿಗಳಲ್ಲಿ ನುಸುಳಿಕೊಂಡು ನಮ್ಮ ಮುಖಕ್ಕೆ ಬರಬೇಕು. ಸೆಕೆಗಾಲದಲ್ಲಿ ವಿಶಾಖದ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 25 ಗ್ರಾಂ ನೀರಿನ ಆವಿ ಇರುತ್ತದೆ. ಅದೇ ಗಾಳಿ 5 ಡಿಗ್ರಿಗೆ ಇಳಿದರೆ ಹಿಡಿದಿಟ್ಟುಕೊಳ್ಳಬಲ್ಲದ್ದು 7 ಗ್ರಾಂ ಅಷ್ಟೆ. ಉಳಿದ 18 ಗ್ರಾಂ ಆ ರೆಕ್ಕೆಗಳ ಮೇಲೆ ಹನಿಯಾಗಿ ಇಳಿಯಬೇಕು. ಹೊರಗಿನ ಗಾಳಿ ಎಳೆದುಕೊಂಡು ಒಂದು ಗಂಟೆ ಕಾರು ಓಡಿಸಿದರೆ ಒಂದೆರಡು ಲೀಟರ್ ನೀರು ಇಳಿಯುವುದು ದೊಡ್ಡ ವಿಷಯವಲ್ಲ. ಆ ನೀರೆಲ್ಲ ಕಾಯಿಲಿನ ಕೆಳಗಿನ ತಟ್ಟೆಗೆ ಬಿದ್ದು, ಬೆರಳು ಗಾತ್ರದ ಒಂದು ರಬ್ಬರ್ ಪೈಪಿನಿಂದ ರಸ್ತೆಗೆ ಹೋಗಬೇಕು. ಹೋದರೆ ಕ್ಷೇಮ.

ಎಸಿ ಎನ್ನುವ ಯಂತ್ರ ಹುಟ್ಟಿದ್ದೇ ಗಾಳಿಯ ಒದ್ದೆ ತೆಗೆಯುವುದಕ್ಕೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಛಾಪಖಾನೆಯಲ್ಲಿ ಸೆಕೆಗೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ಅದಕ್ಕೆ ಉಪಾಯ ಹುಡುಕಿದ. ಮನುಷ್ಯರ ಸುಖದ ಯೋಚನೆ ಬಂದದ್ದು ಆಮೇಲೆ. ಕಾರಿಗೆ ಅದು ಬರಲು ಇನ್ನೂ ನಾಲ್ಕು ದಶಕ ಹಿಡಿಯಿತು. ಅಮೆರಿಕದ ಪ್ಯಾಕರ್ಡ್ ಕಂಪನಿ 1940ರ ಮಾದರಿಯಲ್ಲಿ ಮೊದಲು ಕೊಟ್ಟಿತು. ಅದರಲ್ಲಿ ಕಾಯಿಲು ಇದ್ದದ್ದು ಹಿಂದಿನ ಸೀಟಿನ ಹಿಂದೆ. ಎಸಿ ಬೇಡವೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟು ಕಳಚಬೇಕಿತ್ತು. ಈಗ ಒಂದು ಬಟನ್ನು ಇದೆ. ಆ ಬಟನ್ನನ್ನು ಮನೆ ತಲುಪುವ ಮೊದಲೇ ಒತ್ತುವ ಅಭ್ಯಾಸ ಮಾತ್ರ ನಮಗೆ ಬರಲಿಲ್ಲ.

ವಾಸನೆ ಹುಟ್ಟುವುದು ಅಲ್ಲೇ. ನಾವು ಮನೆಯ ಮುಂದೆ ಬಂದು ಎಸಿ, ಫ್ಯಾನು, ಎಂಜಿನ್ ಎಲ್ಲವನ್ನೂ ಒಟ್ಟಿಗೆ ಆರಿಸಿ ಇಳಿದುಬಿಡುತ್ತೇವೆ. ಕಾಯಿಲು ತೊಯ್ದು ತೊಪ್ಪೆಯಾಗಿರುತ್ತದೆ. ಅದರ ಸಂದಿಯಲ್ಲಿ ಒಂದಿಷ್ಟು ದೂಳು, ಹೂವಿನ ಪರಾಗ, ನಮ್ಮದೇ ಬಟ್ಟೆಯ ನಾರು. ಮೇಲೆ ಕತ್ತಲು, ಬಿಸಿಲಿಗೆ ನಿಂತ ಕಾರಿನ ಬೆಚ್ಚಗಿನ ಹಬೆ. ಬೂಷ್ಟಿಗೆ ಇನ್ನೇನು ಬೇಕು? ಮರುದಿನ ಎಸಿ ಹಾಕಿದ ಮೊದಲ ನಿಮಿಷ ಮೂಗಿಗೆ ಹೊಡೆಯುವ ಆ ಒದ್ದೆ ಕಾಲುಚೀಲದ ವಾಸನೆ ಬೂಷ್ಟೂ ಬ್ಯಾಕ್ಟೀರಿಯಾವೂ ರಾತ್ರಿಯೆಲ್ಲ ಉಂಡು ಬಿಟ್ಟದ್ದು. ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ, ನಾವು ಮರೆಯುತ್ತೇವೆ. ಉಬ್ಬಸ, ಅಲರ್ಜಿ ಇರುವವರ ಎದೆ ಮರೆಯುವುದಿಲ್ಲ.

ಅದಕ್ಕೇ ನಾನು ಇಸುಕತೋಟ ದಾಟಿದ ಕೂಡಲೇ ಎಸಿ ಬಟನ್ ಆರಿಸಿ, ಹೊರಗಿನ ಗಾಳಿ ತೆಗೆದುಕೊಳ್ಳುವ ಕಡೆಗೆ ತಿರುಗಿಸಿ, ಫ್ಯಾನು ಜೋರು ಮಾಡುತ್ತೇನೆ. ಮನೆ ತಲುಪುವಷ್ಟರಲ್ಲಿ ಕಾಯಿಲಿನ ನೀರು ಬಹುಪಾಲು ಇಳಿದು, ಆರಿರುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ. ಹೊಸ ಕಾರು ಕೊಂಡ ದಿನದಿಂದಲೇ ಇದನ್ನು ಮಾಡುವವರ ಕಾರಿನಲ್ಲಿ ಮುಗ್ಗಲು ವಾಸನೆ ಬರುವುದು ಬಹಳ ಅಪರೂಪ.

“ಅದು ಇಲ್ಲಿ ಸರಿ ಅಕ್ಕಾ. ಬೆಜವಾಡದ ಮೇ ತಿಂಗಳಲ್ಲಿ ಬೆಂಜ್ ಸರ್ಕಲ್ಲಿಂದ ಮನೆತನಕ ಎಸಿ ಇಲ್ದೆ ಹೋಗಾಕಾಯ್ತದಾ?”

ಕೇಳಬೇಕಾದ ಪ್ರಶ್ನೆಯೇ. ಬ್ಲೇಜ್‌ವಾಡ ಎಂದು ಆ ಊರಿನವರೇ ಕರೆದುಕೊಳ್ಳುವ ಊರು ಅದು. ಕೃಷ್ಣೆ ಪಕ್ಕದಲ್ಲೇ ಹರಿದರೂ ಸುತ್ತಲ ಗುಡ್ಡದ ಕಲ್ಲು ಕಾದು, 45 ಡಿಗ್ರಿಯ ಆಸುಪಾಸಿನ ದಿನಗಳಲ್ಲಿ ಸ್ಟೇರಿಂಗ್ ಮುಟ್ಟಲಾಗುವುದಿಲ್ಲ. ಅಲ್ಲಿ ಮನೆಗೆ ಬಂದ ಮೇಲೆ, ಎಲ್ಲರೂ ಇಳಿದ ಮೇಲೆ, ಬಯಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಫ್ಯಾನು ಮಾತ್ರ ನಾಲ್ಕೈದು ನಿಮಿಷ ಓಡಲಿ. ಬಯಲಿನಲ್ಲಿ ಎಂದು ಒತ್ತಿ ಹೇಳುತ್ತೇನೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು, ಎಸಿ ಹಾಕಿಕೊಂಡು ನಿಂತ ಕಾರಿನಲ್ಲಿ ಮಲಗಬಾರದು. ಹೊಗೆಯಲ್ಲಿ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನಲ್ಲಿ ಜೀವ ತೆಗೆಯುವುದು ನಾರುವ ಗಾಳಿಯಲ್ಲ, ನಾರದ ಈ ಗಾಳಿ.

ಗ್ಯಾಸಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪ್ರತಿ ಬೇಸಿಗೆಯಲ್ಲೂ ಜನ ಅದಕ್ಕೆ ದುಡ್ಡು ಕಳೆಯುವುದನ್ನು ನೋಡಿ ನನಗೆ ಸಂಕಟವಾಗುತ್ತದೆ. ಎಸಿಯ ಗ್ಯಾಸು ಮುಚ್ಚಿದ ಕೊಳವೆಯೊಳಗೆ ಸುತ್ತುವಂಥದ್ದು. ಪೆಟ್ರೋಲಿನ ಹಾಗೆ ಸುಟ್ಟು ಮುಗಿಯುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ, ಸೋರುವ ಜಾಗ ಹುಡುಕದೆ ತುಂಬಿಸಿದರೆ ಮತ್ತೆ ಸೋರುತ್ತದೆ. ನಮ್ಮಲ್ಲಿ ಬಹಳ ಕಾರುಗಳಲ್ಲಿ ಇರುವ ಆರ್-134ಎ ಎಂಬ ಗ್ಯಾಸಿಗೆ ಮೂಗಿಗೆ ತಿಳಿಯುವಂಥ ವಾಸನೆಯೇ ಇಲ್ಲವೆನ್ನಬೇಕು. ತಂಪು ಬರುತ್ತಿದೆ, ಆದರೆ ನಾರುತ್ತಿದೆ ಎನ್ನುವವರಿಗೆ ಗ್ಯಾಸ್ ತುಂಬಿಸಿಕೊಳ್ಳಿ ಎನ್ನುವುದು ಕಾಯಿಲೆ ಒಂದಾದರೆ ಮದ್ದು ಇನ್ನೊಂದು ಕೊಟ್ಟಂತೆ. ಹುಡುಗನ ಕಾರಿನ ತಂಪಿಗೆ ಏನೂ ಆಗಿರಲಿಲ್ಲ. ತುಂಬಿಸಿದ್ದು ದಂಡ.

ಸೆಂಟಿನ ಡಬ್ಬಿಯದು ಇನ್ನೊಂದು ತೊಂದರೆ. ವಾಸನೆಯ ಮೇಲೆ ವಾಸನೆ ಹಾಕಿದರೆ ಕೆಳಗಿನದು ಹೋಗುವುದಿಲ್ಲ. ಎರಡೂ ಸೇರಿದ ಮೂರನೆಯದು ಹುಟ್ಟುತ್ತದೆ, ಘಾಟ್ ರಸ್ತೆಯಲ್ಲಿ ಅರಕುವಿಗೆ ಹೊರಟರೆ ಮಕ್ಕಳಿಗೆ ಅದರಿಂದಲೇ ತಲೆಸುತ್ತು. ಸಾಂಬ್ರಾಣಿ ಹಾಕಿ ಬಾಗಿಲು ಮುಚ್ಚಿ ಎಸಿ ಓಡಿಸುವವರೂ ಇದ್ದಾರೆ. ಸಾಂಬ್ರಾಣಿ ದೇವರ ಮನೆಗೆ ಚೆಂದ. ಕಾರಿನಲ್ಲಿ ಅದರ ಹೊಗೆಯ ಅಂಟು ಒದ್ದೆ ಕಾಯಿಲಿಗೆ ಮೆತ್ತಿಕೊಂಡು ಮುಂದಿನ ದೂಳು ಹಿಡಿಯಲು ಅನುಕೂಲ ಮಾಡಿಕೊಡುತ್ತದೆ. ಕರ್ಪೂರ ಬೇಗ ಹೊತ್ತಿಕೊಳ್ಳುವ ವಸ್ತು, ಬಿಸಿಲಿಗೆ ಕಾಯುವ ಕಾರಿನಲ್ಲಿ ಅದು ಬೇಡ. ಬೀರುವಿನ ನುಸಿಗುಳಿಗೆಯಂತೂ ಬೇಡವೇ ಬೇಡ. ನ್ಯಾಫ್ತಲೀನಿನ ಆವಿ ಮುಚ್ಚಿದ ಜಾಗದಲ್ಲಿ ಯಾರಿಗೂ ಒಳ್ಳೆಯದಲ್ಲ, ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಇದನ್ನು ಹೇಳಿದಾಗ ಗೋಡೆಯಾಚೆ ನಿಂತಿದ್ದ ಅವನ ಹೆಂಡತಿ ಒಳಗೆ ಹೋಗಿ, ಕಾರಿನ ಕೀ ತಂದು, ಕರ್ಪೂರದ ಗಂಟನ್ನು ಆಗಲೇ ಬಿಚ್ಚಿ ತೆಗೆದಳು.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಫಿಲ್ಟರು. ಮುಂದಿನ ಎಡಸೀಟಿನವರ ಮೊಣಕಾಲ ಮುಂದಿನ ಗ್ಲೋವ್ ಬಾಕ್ಸನ್ನು ಎರಡೂ ಕಡೆಯಿಂದ ಒತ್ತಿ ಇಳಿಸಿದರೆ ಹೆಚ್ಚಿನ ಕಾರುಗಳಲ್ಲಿ ಅದರ ಹಿಂದೆ ಒಂದು ಉದ್ದನೆಯ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅದರೊಳಗೆ ಮಡಿಕೆ ಮಡಿಕೆಯಾದ ಫಿಲ್ಟರು. ವರ್ಷಕ್ಕೊಮ್ಮೆ, ಇಲ್ಲವೇ 10ರಿಂದ 15 ಸಾವಿರ ಕಿಲೋಮೀಟರಿಗೊಮ್ಮೆ ಬದಲಿಸಬೇಕು. ಈ ಊರಿನಲ್ಲಿ ಇನ್ನೂ ಬೇಗ. ಬಂದರಿನ ಕಡೆ ಓಡಾಡುವವರ ಫಿಲ್ಟರ್ ತೆಗೆದು ಬಿಳಿ ಕಾಗದದ ಮೇಲೆ ತಟ್ಟಿದರೆ ಕಲ್ಲಿದ್ದಲಿನ ಕಪ್ಪು ಪುಡಿ ಉದುರುತ್ತದೆ. ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ ಗೂಡು ಇದ್ದು ಫಿಲ್ಟರೇ ಇರುವುದಿಲ್ಲ; ಅಂಥವರು ಒಂದನ್ನು ಕೊಂಡು ಕೂರಿಸಿಕೊಳ್ಳುವುದು ಒಳ್ಳೆಯದು. ಇದ್ದಿಲು ಹಚ್ಚಿದ ಫಿಲ್ಟರು ಸ್ವಲ್ಪ ದುಬಾರಿ, ಆದರೆ ಹೊರಗಿನ ಹೊಗೆಯ ವಾಸನೆಯನ್ನೂ ತಕ್ಕಮಟ್ಟಿಗೆ ಹೀರಿಕೊಳ್ಳುತ್ತದೆ. ಕೂರಿಸುವಾಗ ಅಂಚಿನ ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗೆ ಇರಲಿ.

ಆಮೇಲೆ ವೈಪರಿನ ಬುಡ. ಹೊರಗಿನ ಗಾಳಿ ಒಳಗೆ ಹೋಗುವ ಜಾಲರಿ ಇರುವುದು ಅಲ್ಲಿ. ನಮ್ಮ ಬೀದಿಯಲ್ಲಿ ಹೊಂಗೆ ಮರಗಳಿವೆ. ಬೇಸಿಗೆ ಶುರುವಿನಲ್ಲಿ ಅವುಗಳ ಹೂವು ರಾತ್ರಿಯೆಲ್ಲ ಉದುರಿ ಬೆಳಿಗ್ಗೆ ಕಾರಿನ ಗಾಜಿನ ಕೆಳಗೆ ನಸುನೇರಳೆ ಬಣ್ಣದ ಒಂದು ಗೆರೆಯೇ ಎಳೆದಿರುತ್ತದೆ. ನೋಡಲು ಬಲು ಚೆಂದ. ಜಾಲರಿಯೊಳಗೆ ಇಳಿದ ಹೂವು ಒಂದು ಮಳೆ ಬಿದ್ದರೆ ಕಂದುಬಣ್ಣದ ಲೋಳೆಯಾಗುತ್ತದೆ. ಅದನ್ನು ಕೈಯಲ್ಲೇ ತೆಗೆಯಬೇಕು, ನೀರು ಹೊಡೆದರೆ ಇನ್ನೂ ಒಳಕ್ಕೆ ಹೋಗುತ್ತದೆ. ಮರ ಕಡಿಸಿ ಎನ್ನುವವರ ಮಾತನ್ನು ಮಾತ್ರ ಕೇಳಬೇಡಿ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಬಂದು ಈ ಊರಿನ ಮರಗಳನ್ನು ಬುಡಮೇಲು ಮಾಡಿ ಹೋದಾಗ ನೆರಳಿಲ್ಲದ ರಸ್ತೆ ಹೇಗಿರುತ್ತದೆ ಎಂದು ನಾವು ನೋಡಿದ್ದೇವೆ. ವಾರಕ್ಕೊಮ್ಮೆ ಹೂವು ಬಳಿದರೆ ಸಾಕು.

ಇಷ್ಟಾದರೂ ಹೋಗದಿದ್ದರೆ ಕಾಯಿಲು ತೊಳೆಯಬೇಕು. ಅದಕ್ಕೆಂದೇ ನೊರೆಯ ಡಬ್ಬಿಗಳು ಬರುತ್ತವೆ, ಉದ್ದ ಪೈಪಿನ ಸಮೇತ. ಎಂಜಿನ್ ಆರಿಸಿ, ಫಿಲ್ಟರ್ ತೆಗೆದ ಗೂಡಿನಿಂದಲೋ ಕೆಳಗಿನ ರಬ್ಬರ್ ಪೈಪಿನಿಂದಲೋ ನೊರೆಯನ್ನು ಕಾಯಿಲಿಗೆ ತಲುಪಿಸಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಬೇಕು. ಕಾರಿನ ಕೆಳಗೆ ಒಂದು ತಟ್ಟೆ ಇಟ್ಟು ನೋಡಿ. ಮೊದಲು ಬರುವುದು ಚಹಾದ ಗಸಿಯ ಬಣ್ಣದ ನೀರು, ನಡುನಡುವೆ ಕಪ್ಪು ಲೋಳೆಯ ಎಳೆ. ಅಷ್ಟು ದಿನ ಉಸಿರಾಡಿದ ಗಾಳಿ ಅದನ್ನು ದಾಟಿ ಬಂದದ್ದು. ನೀರು ತಿಳಿಯಾಗುವವರೆಗೂ ಬಿಡದೆ ಮಾಡಬೇಕು, ಆಮೇಲೆ ಬಾಗಿಲುಗಳನ್ನೆಲ್ಲ ತೆರೆದು ಫ್ಯಾನಿನಲ್ಲಿ ಆರಿಸಬೇಕು. ಬಚ್ಚಲಿಗೆ ಹಾಕುವ ಬ್ಲೀಚು ಇಲ್ಲಿ ಬಳಸಬಾರದು, ಅಲ್ಯೂಮಿನಿಯಮ್ಮನ್ನು ಅದು ತಿನ್ನುತ್ತದೆ. ಓಜೋನ್ ಯಂತ್ರ ಇಟ್ಟು ವಾಸನೆ ತೆಗೆಯುವ ಅಂಗಡಿಗಳಿವೆ. ಆ ಗಾಳಿ ಶ್ವಾಸಕೋಶಕ್ಕೆ ಕೆಟ್ಟದ್ದು, ಯಂತ್ರ ಓಡುವಾಗ ಒಳಗೆ ಯಾರೂ ಇರಕೂಡದು, ಮುಗಿದ ಮೇಲೂ ಚೆನ್ನಾಗಿ ಗಾಳಿಯಾಡಿಸದೆ ಹತ್ತಕೂಡದು. ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಿ ಕಾಯಿಲು ಹೊರತೆಗೆದು ತೊಳೆಯುವುದು ಕೊನೆಯ ದಾರಿ. ವಿಜಯವಾಡದ ಆಟೋನಗರದಲ್ಲಿ ಆ ಕೆಲಸವನ್ನು ಕಣ್ಣು ಮುಚ್ಚಿಕೊಂಡು ಮಾಡುವ ಮೇಸ್ತ್ರಿಗಳಿದ್ದಾರೆ. ಲಾರಿಗಳ ಬಾಡಿಯನ್ನೇ ಮರದಿಂದ, ತಗಡಿನಿಂದ ಕಟ್ಟಿ ನಿಲ್ಲಿಸುವ ಊರು ಅದು, ಅಲ್ಲಿನ ಕೈಗಳ ಮೇಲೆ ನನಗೆ ದೊಡ್ಡ ಗೌರವ. ಆದರೂ ಒಮ್ಮೆ ಬಿಚ್ಚಿದ ಡ್ಯಾಶ್‌ಬೋರ್ಡು ಮೊದಲಿನಷ್ಟು ಬಿಗಿಯಾಗಿ ಕೂರುವುದು ಕಷ್ಟ.

ಎಲ್ಲ ವಾಸನೆಯೂ ಬೂಷ್ಟಿನದಲ್ಲ. ಮೀನುಗಾರಿಕೆ ಬಂದರಿನಿಂದ ಒಣಮೀನು ತಂದವರ ಡಿಕ್ಕಿ ಎಸಿಯ ಗಾಳಿಗೇ ಮೀನು ವಾಸನೆ ಕೊಡುತ್ತದೆ. ಆ ವಾಸನೆಯ ವಸ್ತು ಕ್ಷಾರದ ಗುಣದ್ದು, ನಿಂಬೆರಸವೋ ವಿನೆಗರೋ ಬೆರೆಸಿದ ನೀರಿನಲ್ಲಿ ಒರೆಸಿದರೆ ಇಳಿಯುತ್ತದೆ. ಆವಕಾಯಿ ಜಾಡಿಯಿಂದ ಚೆಲ್ಲಿದ ಎಣ್ಣೆಗೆ ಅದು ನಾಟುವುದಿಲ್ಲ, ಸೋಪಿನ ನೀರೇ ಬೇಕು. ಬೆಲ್ಲದ ಪಾಕದಂಥ ಸಿಹಿ ವಾಸನೆ ಬಂದು ಮುಂದಿನ ಗಾಜಿಗೆ ಜಿಡ್ಡುಜಿಡ್ಡಾದ ಮಂಜು ಹಿಡಿದರೆ ಒಳಗಿನ ಹೀಟರಿನಿಂದ ಕೂಲಂಟ್ ಸೋರುತ್ತಿದೆ ಎಂದು ತಿಳಿಯಬೇಕು. ಅದು ವಿಷ, ತಡಮಾಡಬಾರದು. ಪೆಟ್ರೋಲ್ ವಾಸನೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಕಾರು ಪಕ್ಕಕ್ಕೆ ನಿಲ್ಲಿಸಿ ಇಳಿಯುವುದೊಂದೇ. ಇಲಿ ಸತ್ತ ವಾಸನೆಯನ್ನು ಯಾರೂ ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಇಲಿಗಳು ಬ್ಲೋವರಿನ ಗೂಡಿಗೆ ಬಂದು ಫಿಲ್ಟರನ್ನೇ ಹರಿದು ಹಾಸಿಗೆ ಮಾಡಿಕೊಳ್ಳುತ್ತವೆ. ಅಂಥ ಗೂಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ಇಲಿಜ್ವರ ಬರುವುದು ಅವುಗಳ ಮೂತ್ರದಿಂದ. ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಎಲೆ ಕಟ್ಟುವ ರೂಢಿ ಇಲ್ಲಿ ಬಹಳ ಜನರಲ್ಲಿದೆ. ನನ್ನ ನಂಬಿಕೆ ಮಾತ್ರ ಕಾರಿನಲ್ಲಿ ಬಿಸ್ಕತ್ತಿನ ಚೂರು ಬಿಡದಿರುವುದರ ಮೇಲೆ.

ಹೊರಗಿನಿಂದ ಬರುವ ವಾಸನೆಗೆ ಇನ್ನೊಂದು ಬಟನ್ನಿದೆ, ಕಾರಿನ ಚಿತ್ರದೊಳಗೆ ಬಾಗಿದ ಬಾಣ ಇರುವುದು. ಅದನ್ನು ಒತ್ತಿದರೆ ಹೊರಗಿನ ಗಾಳಿ ನಿಂತು ಒಳಗಿನದೇ ಸುತ್ತುತ್ತದೆ. ಇಲ್ಲಿಂದ ವಿಜಯವಾಡಕ್ಕೆ ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಸುಮಾರು 350 ಕಿಲೋಮೀಟರು. ಆ ದಾರಿಯಲ್ಲಿ ಆ ಬಟನ್ನಿನ ಉಪಯೋಗ ಚೆನ್ನಾಗಿ ತಿಳಿಯುತ್ತದೆ. ಅನಕಾಪಲ್ಲಿಯ ಸುತ್ತ ಆಲೆಮನೆಯ ಕಾಲದಲ್ಲಿ ಕಿಟಕಿಯನ್ನೇ ಇಳಿಸಬೇಕು, ಬೆಲ್ಲ ಬೇಯುವ ಆ ಘಮ ತಪ್ಪಿಸಿಕೊಳ್ಳಬಾರದು. ರಾಜಮಂಡ್ರಿಯ ಬಳಿ ಗೋದಾವರಿ ದಾಟುವಾಗಲೂ ಅಷ್ಟೆ. ಏಲೂರು ದಾಟಿ ಮುಂದೆ, ಗುಂಟೂರಿನ ಯಾರ್ಡಿಗೆ ಮೆಣಸಿನಕಾಯಿ ಮೂಟೆ ಹೊತ್ತ ಲಾರಿಯ ಹಿಂದೆ ಸಿಕ್ಕಿಕೊಂಡರೆ ಮಾತ್ರ ಆ ಬಟನ್ ಒತ್ತಲು ಒಂದು ಕ್ಷಣ ತಡವಾದರೂ ಕಾರಿನಲ್ಲಿರುವವರೆಲ್ಲ ಕೆಮ್ಮಿ ಕಣ್ಣೀರು ಹಾಕಬೇಕು. ಲಾರಿ ಹಿಂದೆ ಬಿದ್ದ ಮೇಲೆ ಮತ್ತೆ ಹೊರಗಿನ ಗಾಳಿಗೆ ತಿರುಗಿಸಿ. ಗಂಟೆಗಟ್ಟಲೆ ಒಳಗಿನ ಗಾಳಿಯೇ ಸುತ್ತಿದರೆ ನಾವು ಬಿಟ್ಟ ಉಸಿರೇ ತುಂಬಿಕೊಂಡು ಡ್ರೈವರಿಗೆ ತೂಕಡಿಕೆ ಬರುತ್ತದೆ.

ವಿಶಾಖದವರು ಮೂಗನ್ನು ನಂಬುವುದನ್ನು ಬಹಳ ಬೆಲೆ ತೆತ್ತು ಕಲಿತಿದ್ದಾರೆ. 2020ರ ಮೇ 7ರ ನಸುಕಿನಲ್ಲಿ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಸೋರಿ, ಆರ್.ಆರ್. ವೆಂಕಟಾಪುರಂ ಮತ್ತು ಸುತ್ತಲಿನ ಜನ ನಿದ್ದೆಗಣ್ಣಲ್ಲಿ ಓಡಿದರು, ಓಡುತ್ತಲೇ ಬಿದ್ದರು. 12 ಜೀವ ಹೋದವು. ಅಂದಿನಿಂದ ಈ ಊರಿನಲ್ಲಿ ಯಾರಾದರೂ “ಏನೋ ವಾಸನೆ” ಎಂದರೆ ಉಳಿದವರು ಮಾತು ನಿಲ್ಲಿಸಿ ಮೂಗು ಎತ್ತುತ್ತಾರೆ. ಕಾರಿನಲ್ಲಿ ಹೋಗುವಾಗ ಅಂಥ ಗಂಟಲು ಸುಡುವ ವಾಸನೆ ಹೊರಗಿನಿಂದ ಬಂದರೆ ಒಳಗಾಳಿಯ ಬಟನ್ ಒತ್ತಿ, ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ದೂರ ಹೋಗಬೇಕು.

ಇಷ್ಟು ಮಾತಾದ ಮೇಲೆ ಹುಡುಗ ಕಾರನ್ನು ಒಂದು ಸುತ್ತು ಓಡಿಸಿ ತಂದು ನಿಲ್ಲಿಸಿದ. ಇಬ್ಬರೂ ಬಗ್ಗಿ ನೋಡಿದೆವು. ಎಡಗಡೆ ಚಕ್ರದ ಹಿಂದೆ ನೀರು ಟಪ್ ಟಪ್ ಎಂದು ಸರಿಯಾಗಿಯೇ ಬೀಳುತ್ತಿತ್ತು. ಪೈಪು ಕಟ್ಟಿಲ್ಲ. ಫಿಲ್ಟರ್ ತೆಗೆದರೆ ಅದೂ ಹೊಸದು, ಬೆಳ್ಳಗಿದೆ. ಆದರೆ ಫಿಲ್ಟರ್ ಕೂರುವ ಗೂಡಿನ ಮೂಲೆಯಲ್ಲಿ ಬೆರಳು ಆಡಿಸಿದಾಗ ಹಿಟ್ಟಿನಷ್ಟು ನಯವಾದ, ಹಳದಿ ಮಿಶ್ರಿತ ಬೂದು ಮಣ್ಣು ಬಂತು. ರಸ್ತೆಯ ದೂಳು ಅಷ್ಟು ನಯವಾಗಿರುವುದಿಲ್ಲ. ಗಾಳಿ ತಂದ ಮಣ್ಣಲ್ಲ ಅದು, ನೀರು ತಂದದ್ದು.

“ಸೀಟ್ ಬೆಲ್ಟ್ ಪೂರ್ತಿ ಎಳಿಯಪ್ಪಾ” ಅಂದೆ.

ಎಳೆದ. ದಿನಾ ಬಳಸುವಷ್ಟು ಉದ್ದ ಕಪ್ಪಗೆ ಸ್ವಚ್ಛವಾಗಿತ್ತು. ಇನ್ನೂ ಎಳೆದಾಗ, ಕಂಬದೊಳಗೆ ಸುತ್ತಿಕೊಂಡು ಯಾವಾಗಲೂ ಒಳಗೇ ಇರುವ ಕೊನೆಯ ಭಾಗ ಹೊರಬಂತು. ನೇಯ್ಗೆಯ ಸಂದಿಸಂದಿಯಲ್ಲಿ ಅದೇ ಮಣ್ಣು, ಅಡ್ಡಕ್ಕೆ ಒಂದು ಕಲೆಯ ಗೆರೆ. ಅವನು ಏನೂ ಮಾತಾಡಲಿಲ್ಲ. ಡಿಕ್ಕಿಯ ಸ್ಟೆಪ್ನಿ ಎತ್ತಿದರೆ ಅದರ ಗುಳಿಯಲ್ಲಿ ತುಕ್ಕು. ಮುಂದಿನ ಸೀಟಿನ ಬೋಲ್ಟುಗಳ ತಲೆಯೂ ಕೆಂಪಗೆ.

2024ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ದಿನಗಳ ಮಳೆ ವಿಜಯವಾಡದವರಿಗೆ ಮರೆಯುವಂಥದ್ದಲ್ಲ. ಬುಡಮೇರು ಹಳ್ಳ ಉಕ್ಕಿ ಅಜಿತ್ ಸಿಂಗ್ ನಗರ, ಪಾಯಕಾಪುರಂ, ರಾಜರಾಜೇಶ್ವರಿಪೇಟೆಯ ಮನೆಗಳಿಗೆ ನುಗ್ಗಿತು, ದಿನಗಟ್ಟಲೆ ಇಳಿಯಲಿಲ್ಲ. ಅತ್ತ ಪ್ರಕಾಶಂ ಬ್ಯಾರೇಜಿನಲ್ಲಿ 11 ಲಕ್ಷ ಕ್ಯುಸೆಕ್‌ಗೂ ಮೀರಿ ಕೃಷ್ಣೆ ಹರಿದಳು. ಜನ ಮಹಡಿಯ ಮೇಲೆ ಕೂತು ಹಾಲಿಗೆ, ಕುಡಿಯುವ ನೀರಿಗೆ ಕಾದರು. ಕೆಳಗೆ ಬೀದಿಯಲ್ಲಿ ಸ್ಕೂಟರು, ಆಟೋ, ಕಾರು ಮುಳುಗಿಕೊಂಡಿದ್ದವು. ನೀರಿಳಿದ ಮೇಲೆ ಸಾಲ ಮಾಡಿ ಕೊಂಡ ಗಾಡಿಯನ್ನು ಉಳಿಸಿಕೊಳ್ಳಲು ಆ ಜನ ಪಟ್ಟ ಪಾಡಿಗೆ ನನ್ನ ಮರುಕವಿದೆ. ಆದರೆ ಅಂಥ ಕಾರನ್ನು ತೊಳೆದು, ಪಾಲಿಶ್ ಮಾಡಿ, ಹೊಸ ಫಿಲ್ಟರ್ ಹಾಕಿ, ಮುಳುಗಿತ್ತು ಎಂಬ ಒಂದು ಮಾತನ್ನು ಹೇಳದೆ ಮಗುವಿರುವ ಮನೆಗೆ ಮಾರಿದ ವ್ಯಾಪಾರಿಯ ಮೇಲೆ ನನಗೆ ಕೋಪವಿದೆ. ಹೇಳಿದ್ದರೆ ಬೆಲೆ ಕಡಿಮೆಯಾಗುತ್ತಿತ್ತು, ಅಷ್ಟೇ ತಾನೆ.

“ಹಂಗಾದ್ರೆ ಅಲ್ಲಿ ಯಾಕಕ್ಕಾ ವಾಸನೆ ಇರ್ಲಿಲ್ಲ?”

ಅವನು ಕಾರು ಕೊಂಡದ್ದು ಬೇಸಿಗೆಯಲ್ಲಿ. ಬೆಜವಾಡದ ಬಿಸಿಲಿಗೆ ಕಾರ್ಪೆಟ್ಟಿನ ಕೆಳಗಿನ ಮಣ್ಣು ಹಪ್ಪಳವಾಗಿ ಒಣಗಿತ್ತು. ಒಣಗಿದ ಕೊಳೆ ನಾರುವುದಿಲ್ಲ, ಬೂಷ್ಟಿಗೂ ಕೆಲಸವಿಲ್ಲ. ವಿಶಾಖಕ್ಕೆ ಬಂದಾಗ ಕಡಲ ಗಾಳಿ. ಹಳೆಯ ಮಣ್ಣು ದಿನಾ ಸ್ವಲ್ಪ ಸ್ವಲ್ಪ ತೇವ ಹೀರಿಕೊಂಡು ಮತ್ತೆ ಜೀವ ಬಂದಂತಾಯಿತು. ಅವನು ಎಡಗಡೆಯ ಮ್ಯಾಟ್ ತೆಗೆದು ಕಾರ್ಪೆಟ್ ಮುಟ್ಟಿ, ಒಣಗಿದೆಯಲ್ಲ ಅಂದ. ಕಾರ್ಪೆಟ್ಟಿನ ಅಂಚು ಎತ್ತಿ ಅದರ ಕೆಳಗಿನ ದಪ್ಪ ಫೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಲು ಹೇಳಿದೆ. ಒತ್ತಿದ ಜಾಗದಲ್ಲಿ ತೇವ ಮೇಲೆ ಬಂತು. ವಾಸನೆಯೂ ಅದೇ, ಎಸಿ ಹಾಕಿದಾಗ ಬರುವುದೇ. ಒಳಗಾಳಿ ಸುತ್ತುವಾಗ ಬ್ಲೋವರ್ ಎಳೆದುಕೊಳ್ಳುವುದು ಕಾಲಿನ ಹತ್ತಿರದ ಗಾಳಿಯನ್ನೇ ಅಲ್ಲವೇ. ಇಷ್ಟು ದಿನ ಬೈಗುಳ ತಿಂದದ್ದು ಎಸಿ.

ಕಾಯಿಲನ್ನೂ ಒಮ್ಮೆ ತೊಳೆಯಬೇಕು, ಬ್ಲೋವರ್ ಗೂಡಿನ ಮಣ್ಣನ್ನೂ ತೆಗೆಯಬೇಕು. ಆದರೆ ಮೊದಲ ಕೆಲಸ ಸೀಟು ಬಿಚ್ಚಿ ಕಾರ್ಪೆಟ್ಟು, ಫೆಲ್ಟು ಹೊರಗೆ ಹಾಕುವುದು. ಫೆಲ್ಟು ತೀರ ಕೆಟ್ಟಿದ್ದರೆ ತೊಳೆಯುವ ಗೋಜು ಬೇಡ, ಹೊಸದು ಕತ್ತರಿಸಿ ಹಾಕಿಸುವುದೇ ಸರಿ. ಕೆಳಗಿನ ತಗಡನ್ನು ತಿಕ್ಕಿ, ತುಕ್ಕು ಕಂಡಲ್ಲಿ ಕೆಂಪು ಪ್ರೈಮರ್ ಬಳಿದು, ಪೂರ್ತಿ ಒಣಗಿದ ಮೇಲೆಯೇ ಹಾಸಬೇಕು. ನೀರು ಹೊಕ್ಕ ಕಾರಿನ ವೈರಿಂಗ್ ಕನೆಕ್ಟರುಗಳನ್ನು ಒಬ್ಬ ಒಳ್ಳೆಯ ಎಲೆಕ್ಟ್ರೀಷಿಯನ್ ನೋಡಲೇಬೇಕು, ವಾಸನೆಗಿಂತ ದೊಡ್ಡ ಅಪಾಯ ಅಲ್ಲಿದೆ. ಏರ್‌ಬ್ಯಾಗಿನ ವೈರು ಸೀಟಿನ ಕೆಳಗೆ ಹಾದುಹೋಗುವುದರಿಂದ ಬ್ಯಾಟರಿ ಕಳಚದೆ ಸೀಟು ಮುಟ್ಟುವ ಹಾಗಿಲ್ಲ.

“ಆಟೋನಗರಕ್ಕೆ ತಗೊಂಡೋಗ್ಲಾ ಅಕ್ಕಾ?”

“ವೈರಿಂಗಿಗೆ ಇಲ್ಲೇ ಗಾಜುವಾಕದಲ್ಲಿ ಒಬ್ಬನಿದ್ದಾನೆ, ನಂಬರ್ ಕೊಡ್ತೀನಿ. ಅವನೇ ಏರ್‌ಬ್ಯಾಗ್ ನೋಡಿ ಸೀಟು ಬಿಚ್ಚಿಕೊಡಲಿ. ಫೆಲ್ಟು ಮಾತ್ರ ಇಲ್ಲಿ ಒಣಗಿಸೋಣ ಅನ್ನಬೇಡ, ಈ ಗಾಳಿಗೆ ವಾರವಾದರೂ ಒಣಗಲ್ಲ. ಹಳೇದು ಬಿಸಾಕು, ಹೊಸದಕ್ಕೆ ಅಳತೆ ತಗೋ. ಅಲ್ಲಿಯವರೆಗೆ ಮಗೂನ ಸ್ಕೂಲಿಗೆ ನನ್ನ ಕಾರಲ್ಲಿ ಬಿಟ್ಟು ಬರ್ತೀನಿ.”